ಬಿಲ್ಲೆ ಎಷ್ಟು, ಬೆಲೆ ಎಷ್ಟು?

ಹಬ್ಬದ ರಾತ್ರಿ ನಾಲ್ಕು ಮಂದಿ ನೆಂಟರು ಸೇರಿ ಇಸ್ಪೀಟು ಹಾಕಿ ಕುಳಿತರೆ ಕಾಸಿನ ಬದಲು ಬೆಂಕಿಕಡ್ಡಿಯನ್ನೋ ಹುಣಸೆಬೀಜವನ್ನೋ ಪಣಕ್ಕಿಡುವುದು ನಮ್ಮಲ್ಲಿ ಹಳೆಯ ರೂಢಿ. ಕಡ್ಡಿಯೊಂದಕ್ಕೆ ನಾಲ್ಕಾಣೆ ಎಂದು ಮೊದಲೇ ಮಾತಾದರೆ ಆಯಿತು. ಆದರೆ ಆಟ ಏರಿದಂತೆ ಎರಡು ತೊಂದರೆಗಳು ತಲೆ ಎತ್ತುತ್ತವೆ. ಹತ್ತು ರೂಪಾಯಿ ಪಣಕ್ಕೆ ನಲವತ್ತು ಕಡ್ಡಿ ಎಣಿಸಬೇಕು. ಅಷ್ಟರಲ್ಲಿ ಯಾರೋ ಒಬ್ಬ ಪುಣ್ಯಾತ್ಮ ಜಮಖಾನದ ಮರೆಯಲ್ಲಿ ಕಡ್ಡಿ ಮುರಿದು ಒಂದನ್ನು ಎರಡು ಮಾಡಿರುತ್ತಾನೆ. ಎಣಿಸಲು ಸುಲಭವಾಗಿರಬೇಕು, ನಕಲು ಮಾಡಲು ಕಷ್ಟವಾಗಿರಬೇಕು. ನಾಣ್ಯ ಟಂಕಿಸುವ ಸರಕಾರಕ್ಕಿರುವ ಈ ಎರಡು ಚಿಂತೆಗಳು ಇಸ್ಪೀಟಿನ ಆಟಕ್ಕೂ ತಪ್ಪಿದ್ದಲ್ಲ.

ಈ ಚಿಂತೆಗೆ ಅಮೆರಿಕನ್ನರು ಕಂಡುಕೊಂಡ ಉತ್ತರ ‘ಪೋಕರ್ ಚಿಪ್’ ಎಂಬ ದುಂಡು ಬಿಲ್ಲೆ. ಪೋಕರ್ ಆಟ ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ನ್ಯೂ ಆರ್ಲಿಯನ್ಸ್ ಪಟ್ಟಣದಲ್ಲೂ ಮಿಸಿಸಿಪಿ ನದಿಯ ಉಗಿಹಡಗುಗಳಲ್ಲೂ ಬೆಳೆದದ್ದು. ಆಗ ಪಣಕ್ಕೆ ನಾಣ್ಯವೂ ನಡೆಯುತ್ತಿತ್ತು, ಚಿನ್ನದ ಪುಡಿಯೂ ನಡೆಯುತ್ತಿತ್ತು, ಮೂಳೆ, ದಂತ, ಮರದ ತುಂಡುಗಳೂ ನಡೆಯುತ್ತಿದ್ದವು. 1880ರ ದಶಕದ ಹೊತ್ತಿಗೆ ಜೇಡಿಮಣ್ಣಿಗೆ ಅರಗು ಸೇರಿಸಿ ಅಚ್ಚೊತ್ತಿದ ಬಿಲ್ಲೆಗಳು ಬಳಕೆಗೆ ಬಂದವು. ಮನೆಗಳಲ್ಲಿ ಇದರ ಹುಚ್ಚು ಹಬ್ಬಿದ್ದು ಮಾತ್ರ ಇತ್ತೀಚೆಗೆ. 2003ರಲ್ಲಿ ಟೆನೆಸ್ಸಿ ರಾಜ್ಯದ ಕ್ರಿಸ್ ಮನಿಮೇಕರ್ ಎಂಬ ಅಕೌಂಟೆಂಟ್ ಲಾಸ್ ವೇಗಾಸ್‌ನ ‘ವರ್ಲ್ಡ್ ಸೀರೀಸ್ ಆಫ್ ಪೋಕರ್’ ಪಂದ್ಯ ಗೆದ್ದು 25 ಲಕ್ಷ ಡಾಲರ್ ಬಾಚಿಕೊಂಡ. ಹೆಸರೇ ಅಂಥದ್ದು, ‘ದುಡ್ಡು ಮಾಡುವವ’! ಅವನೇ ಗೆದ್ದನೆಂದರೆ ನಾವೇಕೆ ಗೆಲ್ಲಬಾರದು ಎಂದು ಆ ದೇಶದ ಗುಮಾಸ್ತರು, ಮೇಷ್ಟರುಗಳು, ಎಂಜಿನಿಯರುಗಳು ಬಿಲ್ಲೆಯ ಪೆಟ್ಟಿಗೆ ಕೊಂಡು ಊಟದ ಮೇಜಿನ ಸುತ್ತ ಕುಳಿತರು.

ಅಲ್ಲಿ ಇದರ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಟ ನಡೆಸುವ ಮನೆಯವನು ತನಗೆಂದು ಪಾಲು ತೆಗೆಯಬಾರದು ಎಂಬುದು ಹಲವು ಕಡೆ ಇರುವ ಷರತ್ತು. ಕರ್ನಾಟಕದಲ್ಲಾದರೋ 1963ರ ಪೊಲೀಸ್ ಕಾಯಿದೆ ಜೂಜಿನ ಮನೆ ನಡೆಸುವುದನ್ನು ಅಪರಾಧವೆನ್ನುತ್ತದೆ. ಆದ್ದರಿಂದ ಮುಂದಿನ ಲೆಕ್ಕವೆಲ್ಲ ಡಾಲರಿನದೇ.

ಮನೆಯ ಆಟದಲ್ಲಿ ಎರಡು ಬಗೆ. ಒಂದು ಪಂದ್ಯಾಟ. ಎಲ್ಲರೂ ಸಮನಾಗಿ ಶುಲ್ಕ ಕೊಟ್ಟು ಸಮನಾಗಿ ಬಿಲ್ಲೆ ಪಡೆಯುತ್ತಾರೆ. ಅಲ್ಲಿ ಬಿಲ್ಲೆ ಬರೇ ಅಂಕ. ಅದರ ಮೇಲೆ ಸಾವಿರ ಎಂದು ಬರೆದಿದ್ದರೂ ಅದನ್ನು ಕೊಟ್ಟು ಕಾಸು ಪಡೆಯುವಂತಿಲ್ಲ. ಇನ್ನೊಂದು ‘ಕ್ಯಾಶ್ ಗೇಮ್’, ಅಂದರೆ ನಗದಿನ ಆಟ. ಇಲ್ಲಿ ಬಿಲ್ಲೆಯೇ ಹಣ. ಐದು ಡಾಲರಿನ ಬಿಲ್ಲೆಯನ್ನು ಯಾವ ಗಳಿಗೆಯಲ್ಲಿ ಮರಳಿಸಿದರೂ ಐದು ಡಾಲರ್ ಕೈಗೆ ಬರಬೇಕು. ಎಡವಟ್ಟುಗಳೆಲ್ಲ ಹುಟ್ಟುವುದು ಈ ಎರಡನೆಯದರಲ್ಲಿ. ಅಂಗಡಿಯಲ್ಲಿ ಸಿಗುವ ಪೆಟ್ಟಿಗೆಯನ್ನು ಬಣ್ಣ ನೋಡಿ ಕೊಳ್ಳುವ ಉತ್ಸಾಹಿ, ಮೊದಲ ರಾತ್ರಿಯೇ ಒಂದು ಬಣ್ಣ ಸಾಲದೆ, ಮತ್ತೊಂದು ಬಣ್ಣ ಪೆಟ್ಟಿಗೆಯಿಂದ ಹೊರಗೇ ಬಾರದೆ ಪೇಚಾಡುತ್ತಾನೆ.

ನಾಲ್ಕಾಣೆಯ ಲೆಕ್ಕ

ಅಮೆರಿಕದ ಕ್ಯಾಸಿನೋಗಳಲ್ಲಿ ಸಾಮಾನ್ಯವಾಗಿ ಐದು ಡಾಲರಿನ ಬಿಲ್ಲೆ ಕೆಂಪು, ಇಪ್ಪತ್ತೈದರದು ಹಸಿರು, ನೂರರದು ಕಪ್ಪು. ಐದರದಕ್ಕೆ ‘ನಿಕಲ್’, ಇಪ್ಪತ್ತೈದರದಕ್ಕೆ ‘ಕ್ವಾರ್ಟರ್’ ಎಂಬ ಅಡ್ಡಹೆಸರುಗಳಿವೆ. ಇವೆರಡೂ ಆ ದೇಶದ ಐದು ಸೆಂಟ್ ಮತ್ತು ಇಪ್ಪತ್ತೈದು ಸೆಂಟ್ ನಾಣ್ಯಗಳ ಹೆಸರುಗಳೇ. ಇಪ್ಪತ್ತರ ಬದಲು ಇಪ್ಪತ್ತೈದು ಏಕೆ ಎಂದು ಕೇಳಿದರೆ ಉತ್ತರ ನಮಗೆ ಗೊತ್ತಿರುವಂಥದೇ. ಹಿಂದೆ ಅಲ್ಲಿ ಚಲಾವಣೆಯಲ್ಲಿದ್ದ ಸ್ಪೇನಿನ ಬೆಳ್ಳಿ ಡಾಲರಿಗೆ ಎಂಟು ಭಾಗ. ಅರ್ಧದ ಅರ್ಧವೆಂದರೆ ಕಾಲು ಡಾಲರ್. ಹದಿನಾರಾಣೆಯ ರೂಪಾಯಿಯಲ್ಲಿ ನಾಲ್ಕಾಣೆ ಹುಟ್ಟಿದ್ದೂ ಹೀಗೆಯೇ. 1957ರಲ್ಲಿ ದಶಮಾನ ಪದ್ಧತಿ ಬಂದು ಆಣೆ ಹೋದರೂ ಇಪ್ಪತ್ತೈದು ಪೈಸೆಯ ವೇಷದಲ್ಲಿ ನಾಲ್ಕಾಣೆ ಉಳಿದುಕೊಂಡಿತು. 2011ರ ಜೂನ್ ಕೊನೆಗೆ ಅದರ ಚಲಾವಣೆ ನಿಂತಿತು.

ಬೆಲೆಗಳ ನಡುವೆ ಎಷ್ಟು ಅಂತರವಿರಬೇಕು? ಗಣಿತದವರನ್ನು ಕೇಳಿದರೆ ಅವರು ತಕ್ಕಡಿ ತರುತ್ತಾರೆ. 1, 2, 4, 8, 16, 32 ಎಂಬ ಆರೇ ತೂಕದ ಕಲ್ಲುಗಳಿಂದ ಒಂದರಿಂದ ಅರವತ್ಮೂರರವರೆಗೆ ಯಾವ ತೂಕವನ್ನಾದರೂ ತೂಗಬಹುದು. ಎರಡೂ ತಟ್ಟೆಗಳಲ್ಲಿ ಕಲ್ಲು ಇಡಬಹುದಾದರೆ 1, 3, 9, 27 ಎಂಬ ನಾಲ್ಕರಿಂದಲೇ ನಲವತ್ತರವರೆಗೆ ತೂಗಲು ಬರುತ್ತದೆ. ಫ್ರಾನ್ಸಿನ ಬಾಷೆ 1612ರಲ್ಲಿ ಪ್ರಕಟಿಸಿದ ಗಣಿತವಿನೋದದ ಪುಸ್ತಕದಲ್ಲಿ ಈ ಲೆಕ್ಕವಿದೆ. ಆದರೆ ಇದನ್ನು ನಂಬಿ ಬಿಲ್ಲೆ ಕೊಂಡವನು ಕೆಟ್ಟ. ಮೂರು ಡಾಲರಿನ ಬಿಲ್ಲೆ, ಒಂಬತ್ತರ ಬಿಲ್ಲೆ ಎಂದು ಇಟ್ಟುಕೊಂಡರೆ ರಾತ್ರಿ ಹನ್ನೊಂದರ ನಂತರ ಯಾವ ಮೇಷ್ಟರಿಗೂ ಕೂಡಲು ಬಾರದು. ತಕ್ಕಡಿಯವನಿಗೆ ಆದಷ್ಟು ಕಡಿಮೆ ಕಲ್ಲು ಬೇಕು. ಪೋಕರ್ ಆಡುವವನಿಗೆ ಬೇಕಾದ್ದು ಆದಷ್ಟು ಕಡಿಮೆ ಬಣ್ಣ ಮತ್ತು ಮುಂದೆ ಕಣ್ಣಿಗೆ ಕಾಣುವಷ್ಟು ರಾಶಿ.

ಅನುಭವಸ್ಥರು ಒಪ್ಪುವ ಅಂತರ ನಾಲ್ಕು ಪಟ್ಟು ಅಥವಾ ಐದು ಪಟ್ಟು. ಕಾಲು ಡಾಲರ್, ಒಂದು ಡಾಲರ್, ಐದು ಡಾಲರ್ ಎಂದಿಟ್ಟುಕೊಂಡರೆ ಐದಕ್ಕಿಂತ ಕೆಳಗಿನ ಯಾವ ಮೊತ್ತಕ್ಕೂ ಮೂರು ಕಾಲು, ನಾಲ್ಕು ಒಂದು, ಒಟ್ಟು ಏಳು ಬಿಲ್ಲೆ ಮೀರಬೇಕಿಲ್ಲ. ನಡುವಿನ ಒಂದು ಡಾಲರಿನ ಬಿಲ್ಲೆಯನ್ನು ತೆಗೆದುಬಿಟ್ಟು ನೋಡಿ: ನಾಲ್ಕೂಮುಕ್ಕಾಲು ಡಾಲರಿಗೆ ಹತ್ತೊಂಬತ್ತು ಬಿಲ್ಲೆ! ಬದಲಿಗೆ ಅರ್ಧ ಡಾಲರ್, ಎರಡು ಡಾಲರ್ ಎಂದು ನಡುವೆ ತುರುಕಿದರೆ ಬಿಲ್ಲೆ ಉಳಿಯುತ್ತದೆ, ಬುದ್ಧಿ ಖರ್ಚಾಗುತ್ತದೆ.

ಎಂಟು ಮಂದಿಯ ಮೇಜು

ಒಂದು ಉದಾಹರಣೆ ಹಿಡಿಯೋಣ. ‘ಟೆಕ್ಸಸ್ ಹೋಲ್ಡೆಮ್’ ಎಂಬ ಬಗೆಯ ಪೋಕರ್, ಎಂಟು ಮಂದಿ. ಈ ಆಟದಲ್ಲಿ ಎಲೆ ನೋಡುವ ಮೊದಲೇ ಸರದಿಯ ಪ್ರಕಾರ ಇಬ್ಬರು ಕಡ್ಡಾಯವಾಗಿ ಪಣ ಇಡಬೇಕು. ಇದಕ್ಕೆ ‘ಬ್ಲೈಂಡ್’ ಎಂದು ಹೆಸರು. ಇಲ್ಲಿ ಚಿಕ್ಕದು ಕಾಲು ಡಾಲರ್, ದೊಡ್ಡದು ಅರ್ಧ ಡಾಲರ್ ಇರಲಿ. ದೊಡ್ಡ ಬ್ಲೈಂಡಿನ ನೂರು ಪಟ್ಟು ಹಣದೊಂದಿಗೆ ಕೂರುವುದು ವಾಡಿಕೆ. ಎಂದರೆ ತಲಾ 50 ಡಾಲರ್. ಅದನ್ನು ಹೀಗೆ ಒಡೆಯಬಹುದು: ಕಾಲಿನವು 12, ಒಂದರವು 17, ಐದರವು 6. ಮೂರು, ಹದಿನೇಳು, ಮೂವತ್ತು, ಕೂಡಿದರೆ ಐವತ್ತು. ಒಬ್ಬನ ಮುಂದೆ 35 ಬಿಲ್ಲೆ, ಮೇಜಿನ ಮೇಲೆ 280 ಬಿಲ್ಲೆ, ಡಬ್ಬದಲ್ಲಿ 400 ಡಾಲರ್.

ಕಾಲು ಡಾಲರಿನವು ಹನ್ನೆರಡೇ ಸಾಕೇ? ಸಾಕು. ಎಲೆ ಹಂಚುವ ಸರದಿ ಮೇಜನ್ನು ಒಂದು ಸುತ್ತು ಬರುವಷ್ಟರಲ್ಲಿ ಒಬ್ಬನ ಎರಡು ಬ್ಲೈಂಡಿಗೆ ಬೇಕಾಗುವುದು ಮೂರು ಬಿಲ್ಲೆ. ಏನೂ ಗೆಲ್ಲದೆ ಕೂತರೂ ನಾಲ್ಕು ಸುತ್ತು ನಡೆಯುತ್ತದೆ. ಅವು ಕಳೆದುಹೋಗುವುದಿಲ್ಲ, ಗೆದ್ದವನ ಕೈಯಿಂದ ಮತ್ತೆ ಸುತ್ತುತ್ತವೆ. ದುಡಿಯುವ ಎತ್ತು ಒಂದು ಡಾಲರಿನ ಬಿಲ್ಲೆ. ಹೆಚ್ಚಿನ ಪಣಗಳೆಲ್ಲ ಅದರಲ್ಲೇ ನಡೆಯುವುದರಿಂದ ಅಲ್ಲಿ ಜಿಪುಣತನ ಕೂಡದು.

ಚಿಲ್ಲರೆ ಬಿಲ್ಲೆ ಕಡಿಮೆಯಾದರೆ ಆಟ ನಿಧಾನವಾಗುತ್ತದೆ ಎಂದಷ್ಟೇ ಹಲವರ ದೂರು. ತೊಂದರೆ ಅದಕ್ಕಿಂತ ಆಳದ್ದು. ಪಕ್ಕದವನಿಗೆ ಐದರ ಬಿಲ್ಲೆ ಕೊಟ್ಟು ಚಿಲ್ಲರೆ ಪಡೆಯುವಾಗ ನಾಲ್ಕೇ ಡಾಲರ್ ಬಂದಿತೆನ್ನಿ. ಆ ತಪ್ಪು ರಾತ್ರಿಯ ಲೆಕ್ಕದಲ್ಲಿ ಎಂದೂ ಕಾಣಿಸದು. ಮೇಜಿನ ಮೇಲಿನ ಒಟ್ಟು ಮೊತ್ತ ಬದಲಾಗಲಿಲ್ಲವಲ್ಲ. ಒಬ್ಬನ ಡಾಲರ್ ಇನ್ನೊಬ್ಬನ ರಾಶಿಗೆ ಸದ್ದಿಲ್ಲದೆ ಸೇರಿತು, ಅಷ್ಟೆ. ಬ್ಯಾಂಕ್ ನೋಡಿಕೊಳ್ಳುವವನು ಮಾಡಿದ ತಪ್ಪು ಕೊನೆಗೆ ಸಿಕ್ಕಿಬೀಳುತ್ತದೆ. ಇಬ್ಬರು ಗೆಳೆಯರ ನಡುವಿನ ತಪ್ಪು ಸಿಕ್ಕಿಬೀಳದೆ ಮನಸ್ಸಿನಲ್ಲಿ ಉಳಿಯುತ್ತದೆ. ಚಿಲ್ಲರೆ ಕೇಳುವ ಪ್ರಸಂಗವೇ ಆದಷ್ಟು ಬಾರದಂತೆ ಬಿಲ್ಲೆ ಹಂಚಬೇಕೆಂಬುದು ಇದಕ್ಕೇ.

ಈಗ ಪೆಟ್ಟಿಗೆಯ ವಿಚಾರ. 500 ಬಿಲ್ಲೆಯ ಪೆಟ್ಟಿಗೆಯೆಂದರೆ ಕಾಲಿನವು 100, ಒಂದರವು 200, ಐದರವು 200 ಇದ್ದರೆ ಸರಿಹೋಗುತ್ತದೆ. ಒಟ್ಟು 1225 ಡಾಲರ್. ಮೊದಲ ಹಂಚಿಕೆಯಲ್ಲಿ ಐದರವು 48 ಹೋಗಿ 152 ಉಳಿಯುತ್ತವೆ. ಸೋತವನು ಮತ್ತೆ ಐವತ್ತು ಡಾಲರ್ ಕೊಟ್ಟು ಕೂರುವಾಗ ಐದರವು ಹತ್ತನ್ನು ಕೊಟ್ಟರಾಯಿತು. ಚಿಲ್ಲರೆ ಆಗಲೇ ಮೇಜಿನ ಮೇಲಿದೆ. ಹೀಗೆ ಹದಿನೈದು ಸಲ ಕೊಡಬಹುದು.

ಇಪ್ಪತ್ತೈದರ ಬಿಲ್ಲೆ ಎಲ್ಲಿ ಎಂದು ಯಾರಾದರೂ ಕೇಳದೆ ಇರರು. ಬೇಡವೆಂದೇ ಬಿಟ್ಟದ್ದು. ಐವತ್ತು ಡಾಲರಿನ ನೋಟನ್ನು ಜೇಬಿನಿಂದ ತೆಗೆದು ಮೇಜಿನ ನಡುವೆ ಹಾಕುವಾಗ ಕೈ ಒಂದು ಕ್ಷಣ ತಡೆಯುತ್ತದೆ. ಎರಡು ಹಸಿರು ಬಿಲ್ಲೆ ತಳ್ಳುವಾಗ ತಡೆಯುವುದಿಲ್ಲ. ಬಿಲ್ಲೆಯ ಅನುಕೂಲವೂ ಅದೇ, ಅಪಾಯವೂ ಅದೇ. ಐದರ ಹತ್ತು ಬಿಲ್ಲೆಗಳನ್ನು ಒಟ್ಟಿ ದೂಡುವವನಿಗೆ ತಾನು ಎಷ್ಟು ದೂಡುತ್ತಿದ್ದೇನೆಂಬುದು ಕಾಣುತ್ತದೆ. ಎಂಟನೆಯ ಸಲವೋ ಹತ್ತನೆಯ ಸಲವೋ ಕೊಳ್ಳಹೊರಟವನಿಗೆ ‘ಇನ್ನು ಸಾಕು, ಪೆಟ್ಟಿಗೆ ಖಾಲಿಯಾಗುತ್ತಿದೆ’ ಎನ್ನುವುದು ‘ಇನ್ನು ಸಾಕು, ನೀನು ಬಹಳ ಸೋತೆ’ ಎನ್ನುವುದಕ್ಕಿಂತ ಎಷ್ಟೋ ಸುಲಭ. ನೂರರ ಬಿಲ್ಲೆ ಇರುವ ಪೆಟ್ಟಿಗೆ ಹಾಗೆ ಖಾಲಿಯಾಗುವುದೇ ಇಲ್ಲ. ತಿಂಗಳ ಸಂಬಳದವರ ಮೇಜಿಗೆ ನೂರರ ಬಿಲ್ಲೆ ತರುವ ಮನೆಯವನು ಗೆಳೆಯರಿಗೆ ಉಪಕಾರ ಮಾಡಿದಂತಾಗದು.

ಅಂಗಡಿಯ ಪೆಟ್ಟಿಗೆಗಳಲ್ಲಿ 1, 5, 25, 100, 500 ಎಂದು ಅಂಕಿ ಅಚ್ಚಾಗಿರುವುದುಂಟು. ಅದನ್ನೇ ಕಾಲು ಡಾಲರಿನ ಆಟಕ್ಕೆ ಹೊಂದಿಸುವ ಉಪಾಯವಿದೆ: ಅಂಕಿಗಳನ್ನು ಸೆಂಟ್ ಎಂದು ಓದುವುದು. ಆಗ 25 ಕಾಲು ಡಾಲರ್, 100 ಒಂದು ಡಾಲರ್, 500 ಐದು ಡಾಲರ್. ಆದರೆ 1 ಮತ್ತು 5ರ ಬಿಲ್ಲೆಗಳೆಲ್ಲ ಪೆಟ್ಟಿಗೆಯಲ್ಲೇ ಕೊಳೆಯುತ್ತವೆ. ಅಂಕಿಯಿಲ್ಲದ್ದನ್ನು ಕೊಂಡು ಬಣ್ಣಕ್ಕಿಷ್ಟು ಎಂದು ಗೋಡೆಯ ಮೇಲೆ ಒಂದು ಚೀಟಿ ಅಂಟಿಸುವುದು ಜಾಣತನ.

ಬಣ್ಣದಲ್ಲೂ ಎಚ್ಚರ ಬೇಕು. ಯುರೋಪಿಯನ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಕೆಂಪು-ಹಸಿರು ವ್ಯತ್ಯಾಸ ಸರಿಯಾಗಿ ಗೋಚರಿಸದು. ಕ್ಯಾಸಿನೋ ಪದ್ಧತಿಯಲ್ಲಿ ಅಕ್ಕಪಕ್ಕದ ಬೆಲೆಗಳೇ ಕೆಂಪು ಮತ್ತು ಹಸಿರು! ಅಂಚಿನ ಪಟ್ಟೆಗಳು ಬೇರೆ ಬೇರೆಯಾಗಿದ್ದರೆ ಅಂಥವರಿಗೂ ಗುರುತು ಸಿಗುತ್ತದೆ. ತೂಕದ ಬಗ್ಗೆ ಬಹಳ ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಳಗೆ ಲೋಹದ ಬಿಲ್ಲೆಯಿಟ್ಟ ಪ್ಲಾಸ್ಟಿಕ್ ಚಿಪ್ 11.5 ಗ್ರಾಂ ಎಂದು ಹೆಮ್ಮೆಯಿಂದ ಮಾರುತ್ತಾರೆ. ಐದುನೂರಕ್ಕೆ ಐದೂಮುಕ್ಕಾಲು ಕಿಲೋ. ಕ್ಯಾಸಿನೋದ ಮಣ್ಣಿನ ಚಿಪ್ ಸಾಮಾನ್ಯವಾಗಿ ಅದಕ್ಕಿಂತ ಹಗುರ.

ಆಟ ಮುಗಿದ ಮೇಲಿನ ಎಣಿಕೆಗೆ ಒಂದು ಕ್ರಮವಿದೆ. ಬಿಲ್ಲೆಗಳನ್ನು ಇಪ್ಪತ್ತಿಪ್ಪತ್ತರ ಕಂಬಗಳಾಗಿ ನಿಲ್ಲಿಸಬೇಕು. ಮೊದಲ ಕಂಬವನ್ನು ಮಾತ್ರ ಎಣಿಸಿ, ಉಳಿದವನ್ನು ಅದರ ಪಕ್ಕ ನಿಲ್ಲಿಸಿ ಎತ್ತರ ನೋಡಿದರೆ ಸಾಕು. ಒಂದು ಬಿಲ್ಲೆಯ ಹೆಚ್ಚುಕಡಿಮೆಯೂ ಬೆರಳಿಗೆ ತಿಳಿಯುತ್ತದೆ. ಎಲ್ಲರ ಬಿಲ್ಲೆಗಳ ಮೊತ್ತ ಡಬ್ಬದ ಹಣಕ್ಕೆ ಸಮವಾಗಬೇಕು. ಮೇಜಿನವೂ ಪೆಟ್ಟಿಗೆಯವೂ ಸೇರಿ ಐದುನೂರು ಆಗಬೇಕು. ಹೆಚ್ಚಾದರೆ ಯಾರದೋ ಜೇಬಿನಲ್ಲಿ ಇಂಥದೇ ಪೆಟ್ಟಿಗೆಯ ಬಿಲ್ಲೆ ಬಂದಿದೆ ಎಂದೇ ಅರ್ಥ.

ಹಣದ ತಾಳೆ ತಪ್ಪಿದರೆ ಗಾಬರಿ ಬೇಡ, ವ್ಯತ್ಯಾಸವೇ ಸುಳಿವು ಕೊಡುತ್ತದೆ. ಬಿಲ್ಲೆಗಳ ಮೊತ್ತ ನಾಲ್ಕು ಡಾಲರ್ ಹೆಚ್ಚಿದ್ದರೆ, ಒಂದರ ಜಾಗದಲ್ಲಿ ಐದರದ್ದು ಕೈಬದಲಾಗಿರುವ ಸಂಭವ ಹೆಚ್ಚು. ಮುಕ್ಕಾಲು ಡಾಲರ್ ಆದರೆ ಕಾಲಿಗೆ ಬದಲು ಒಂದು. ನಾಲ್ಕೂಮುಕ್ಕಾಲಾದರೆ ಕಾಲಿಗೆ ಬದಲು ಐದು. ಮೂರು ಬಣ್ಣವಷ್ಟೇ ಇರುವುದರಿಂದ ಮೂರು ವ್ಯತ್ಯಾಸಗಳೂ ಬೇರೆ ಬೇರೆ. ಸರಿಯಾಗಿ ಐವತ್ತು ಡಾಲರ್ ಕೊರತೆ ಬಿದ್ದರೆ ಬಿಲ್ಲೆಯನ್ನು ಬಿಟ್ಟು ಪುಸ್ತಕ ತೆರೆಯಬೇಕು. ಯಾರೋ ಬಿಲ್ಲೆ ಕೊಂಡರು, ‘ಆಮೇಲೆ ಕೊಡುತ್ತೇನೆ’ ಎಂದರು, ಯಾರೂ ಬರೆದುಕೊಳ್ಳಲಿಲ್ಲ. ಅದು ಯಾರೆಂದು ಗೊತ್ತಾಗುವವರೆಗೆ, ಎಷ್ಟೇ ಹೊತ್ತಾಗಿದ್ದರೂ, ಡಬ್ಬದಿಂದ ಒಬ್ಬರಿಗೂ ಒಂದು ಡಾಲರನ್ನೂ ಕೊಡಕೂಡದು.