ಕಡಲ ನಡುವಿನ ಹಕ್ಕಿಗೂಡು, ಕಡಲ ನಡುವಿನ ಇಗರ್ಜಿ

ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಬ್ಯಾಕೋಡು, ತುಮರಿಗಳ ನೆಲವನ್ನು ಲಿಂಗನಮಕ್ಕಿಯ ಹಿನ್ನೀರಾಗಿ ಬಳಸಿ, ಜೋಗದಲ್ಲಿ ಧುಮುಕಿ, ಹೊನ್ನಾವರದ ಬಳಿ ಕಡಲನ್ನು ಸೇರುತ್ತದೆ. ಆ ಅಳಿವೆಯ ದಕ್ಷಿಣಕ್ಕೊಂದು, ಉತ್ತರಕ್ಕೊಂದು ಕಲ್ಲುಬಂಡೆಗಳ ದ್ವೀಪಗಳುಂಟು. ಒಂದು ಹಕ್ಕಿಗಳ ಬೀಡು. ಇನ್ನೊಂದು ಪುರಾತನ ಇಗರ್ಜಿಯೊಂದರ ನೆಲೆ.

ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ತೆರೆಗಳ ನಡುವೆ ನೇತ್ರಾಣಿ ತಲೆಯೆತ್ತಿ ನಿಂತಿದೆ. ಆಂಗ್ಲರು ಇದನ್ನು ಪಾರಿವಾಳಗಳ ದ್ವೀಪವೆಂದು ಕರೆದರು. ದಡವೆಲ್ಲ ಕಡಿದು, ನೆತ್ತಿಯೆಲ್ಲ ಕಾಡು, ಜನವಸತಿಯಿಲ್ಲ. ಬಿಳಿಹೊಟ್ಟೆಯ ಕಡಲ ಹದ್ದುಗಳು ಇಲ್ಲಿನ ಮರಗಳಲ್ಲಿ ಕಡ್ಡಿಗಳ ದೊಡ್ಡ ಗೂಡುಗಳನ್ನು ಕಟ್ಟಿ ಮರಿಮಾಡುತ್ತವೆ. ಗುಹೆಗಳಲ್ಲಿ ಪುಟ್ಟ ಬಾನಾಡಿಗಳು ತಮ್ಮ ಜೊಲ್ಲನ್ನೇ ಅಂಟಾಗಿಸಿ ಗೂಡನ್ನು ಬಂಡೆಗೆ ಬೆಸೆಯುತ್ತವೆ. 1875ರಲ್ಲಿ ಪಕ್ಷಿಶಾಸ್ತ್ರಜ್ಞ ಎ. ಓ. ಹ್ಯೂಮ್ ಇಲ್ಲಿಗೆ ಬಂದಿದ್ದನು. ಹತ್ತು ವರ್ಷಗಳ ತರುವಾಯ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದ ಹ್ಯೂಮ್ ಈತನೇ. ಮೀನುಗಾರರು ಜಟ್ಟಿಗನಿಗೆ ಹರಕೆಯೊಪ್ಪಿಸಿ ಬಿಟ್ಟ ಆಡುಗಳು ಇಲ್ಲಿ ಕಾಡಾಡುಗಳಾಗಿ ಬೆಳೆದಿವೆ. ಇಂಥ ದ್ವೀಪವನ್ನು ನೌಕಾಪಡೆಯು ಗುಂಡಿನ ಗುರಿಯಭ್ಯಾಸಕ್ಕೆ ಬಳಸಿಕೊಂಡಾಗ ಪಕ್ಷಿಪ್ರೇಮಿಗಳು ಮರುಗಿದರು, ಆಕ್ಷೇಪವನ್ನೂ ಎತ್ತಿದರು. ಸದ್ದಿಗೆ ಬೆದರಿ ಹಾರಿದ ತಾಯಿಹಕ್ಕಿ ಮರಳದಿದ್ದರೆ ಮರಿಯ ಗತಿಯೇನು?

ಉತ್ತರದ ದ್ವೀಪ ಅಂಜದೀವ. ಕಾರವಾರದ ಮಗ್ಗುಲಲ್ಲೇ ಇದ್ದರೂ ಆಡಳಿತದಲ್ಲಿ ಇದು ಗೋವೆಗೆ ಸೇರಿದೆ. ಸಿಹಿನೀರು ದೊರೆಯುತ್ತಿದ್ದುದರಿಂದ ನಾವಿಕರಿಗೆ ಇದು ತಂಗುದಾಣ. 1498ರಲ್ಲಿ ವಾಸ್ಕೊ ಡ ಗಾಮ ಸ್ವದೇಶಕ್ಕೆ ಮರಳುವ ಮುನ್ನ ಇಲ್ಲಿ ಹಡಗುಗಳನ್ನು ದುರಸ್ತಿಗೊಳಿಸಿದನು. 1500ರಲ್ಲಿ ಕಬ್ರಾಲನ ನೌಕೆಗಳೊಡನೆ ಫ್ರಾನ್ಸಿಸ್ಕನ್ ಸಂನ್ಯಾಸಿಗಳು ಬಂದರು. ದ್ವೀಪದ ಮೊದಲ ಬಲಿಪೂಜೆ ಅವರದೆಂದು ಕ್ರೈಸ್ತರ ನಂಬಿಕೆ. 'ಚಿಲುಮೆಗಳ ಮಾತೆ'ಯ ಹೆಸರಿನ ಇಗರ್ಜಿ ಇಲ್ಲಿದೆ. 1505ರಲ್ಲಿ ಅಲ್ಮೇಡ ಕಟ್ಟಿಸಿದ ಕೋಟೆಯು ಮರುವರ್ಷವೇ ಕಿತ್ತುಹೋಯಿತು. 1682ರಲ್ಲಿ ಪೋರ್ತುಗೀಸರು ಮತ್ತೊಂದನ್ನು ಕಟ್ಟಿದರು. 1961ರ ಡಿಸೆಂಬರಿನಲ್ಲಿ ಈ ದ್ವೀಪವನ್ನು ಬಿಡಿಸುವಾಗ ನಮ್ಮ ಏಳು ಮಂದಿ ನಾವಿಕರು ಪ್ರಾಣತೆತ್ತರು.

ಹಿಂದೆ ಫೆಬ್ರವರಿ 2ರಂದು ಮಾತೆಯ ಹಬ್ಬಕ್ಕೂ, ಅಕ್ಟೋಬರ್ 4ರಂದು ಸಂತ ಫ್ರಾನ್ಸಿಸನ ಹಬ್ಬಕ್ಕೂ ಭಕ್ತರು ದೋಣಿಯೇರಿ ಬರುತ್ತಿದ್ದರು. ದ್ವೀಪವು ಕಾರವಾರದ ನೌಕಾನೆಲೆಗೆ ಸೇರಿದ ಮೇಲೆ, ಭದ್ರತೆಯ ಕಾರಣದಿಂದ, ಆ ಯಾತ್ರೆ ನಿಂತಿತು. ಆ ನೌಕಾನೆಲೆಯ ಯೋಜನೆಗೆ ಇಟ್ಟ ಹೆಸರು 'ಸೀಬರ್ಡ್', ಎಂದರೆ ಕಡಲಹಕ್ಕಿ!

ನೇತ್ರಾಣಿಯ ಹಕ್ಕಿಗೆ ಬೇಕಾದುದು ಮನುಷ್ಯನ ದೂರ. ಅಂಜದೀವದ ಇಗರ್ಜಿಗೆ ಬೇಕಾದುದು ಅವನ ಬರವು. ಗೂಡುಕಟ್ಟುವ ತಿಂಗಳುಗಳಲ್ಲಿ ಅಲ್ಲಿ ಮೌನ, ಹಬ್ಬದ ದಿನವೊಂದರಲ್ಲಿ ಇಲ್ಲಿ ಗಂಟೆಯ ನಾದ: ದೇಶರಕ್ಷಣೆಗೆ ಕುಂದಾಗದಂತೆ ಇವೆರಡನ್ನೂ ನಡೆಸಿಕೊಡುವುದು ಅಸಾಧ್ಯವೇನಲ್ಲ.