ಮನೆಯವರ ಕೂಲಿಯೂ ಲೆಕ್ಕಕ್ಕೆ ಬರಲಿ

ಕೃಷಿಯನ್ನು ಕುರಿತ ಮಾತುಕತೆ ಕಾರ್ಯಕ್ರಮಗಳಲ್ಲಿ ‘ರೈತ ಉದ್ಯಮಿಯಾಗಬೇಕು’ ಎಂಬ ಮಾತು ಒಂದು ಸಲವಾದರೂ ಬಂದೇ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಎರಡು ಎಕರೆ ಜಮೀನಿನ ಕುಟುಂಬಕ್ಕೆ ಈ ಮಾತಿನ ಅರ್ಥವೇನು? 2015-16ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಗಳಲ್ಲಿ ಶೇಕಡಾ 86ರಷ್ಟು ಎರಡು ಹೆಕ್ಟೇರ್, ಅಂದರೆ ಸುಮಾರು ಐದು ಎಕರೆಗಿಂತ ಚಿಕ್ಕವು. ಆದ್ದರಿಂದ ಈ ಪ್ರಶ್ನೆ ಕೆಲವರದಲ್ಲ, ಬಹುಪಾಲು ರೈತರದು.

ಉದ್ಯಮಶೀಲತೆಯ ಮೊದಲ ಪಾಠ ಲೆಕ್ಕ. ಒಂದು ಎಕರೆ ಟೊಮ್ಯಾಟೊ ಬೆಳೆಗೆ ಒಟ್ಟು 1,20,000 ರೂಪಾಯಿ ಖರ್ಚಾಯಿತು, 800 ಪೆಟ್ಟಿಗೆ ಹಣ್ಣು ಬಂದಿತು ಎಂದಿಟ್ಟುಕೊಳ್ಳೋಣ. ಪೆಟ್ಟಿಗೆಗೆ 150 ರೂಪಾಯಿ ಸಿಕ್ಕರೆ ಹಾಕಿದ ಹಣ ಹಿಂದಿರುಗುತ್ತದೆ. ಈ ಖರ್ಚಿನಲ್ಲಿ 30,000 ರೂಪಾಯಿ ಮನೆಯವರೇ ದುಡಿದ ಕೂಲಿ. ಧಾರಣೆ 130 ರೂಪಾಯಿ ಇದ್ದರೆ ಕೈಗೆ ಬರುವುದು 1,04,000. ಮನೆಯವರ ದುಡಿಮೆಯನ್ನು ಬಿಟ್ಟು ಲೆಕ್ಕ ಹಾಕಿದವರಿಗೆ 14,000 ಲಾಭ ಕಾಣಿಸುತ್ತದೆ. ಸೇರಿಸಿದವರಿಗೆ 16,000 ನಷ್ಟ. ಬೆಳೆ ಒಂದೇ, ಹಣವೂ ಒಂದೇ. ವ್ಯತ್ಯಾಸವಿಷ್ಟೇ: ಕಳೆ ಕಿತ್ತ ತಾಯಿಯ, ರಜೆಯಲ್ಲಿ ನೀರು ಹಾಯಿಸಿದ ಮಗನ ಬೆವರು ಮೊದಲ ಲೆಕ್ಕದಲ್ಲಿ ಪುಕ್ಕಟೆಯಾಗಿತ್ತು.

ಎರಡನೆಯ ಪಾಠ, ಇಂದಿನ ಧಾರಣೆ ಇಂದಿನ ಹಣ್ಣಿಗೆ ಮಾತ್ರ ಎಂಬ ಅರಿವು. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಟೊಮ್ಯಾಟೊ ಪೆಟ್ಟಿಗೆಯ ಬೆಲೆ 2,000 ರೂಪಾಯಿ ದಾಟಿತು. ಸೆಪ್ಟೆಂಬರ್ ಹೊತ್ತಿಗೆ ಅದೇ ಧಾರಣೆ ಕುಸಿದಿತ್ತು. ಇದರ ಹಿಂದೆ ಸರಳವಾದ ಕಾರಣವೊಂದಿದೆ. ಸಸಿ ನೆಟ್ಟು ಮೊದಲ ಕೊಯ್ಲಿಗೆ ಎರಡರಿಂದ ಎರಡೂವರೆ ತಿಂಗಳು ಬೇಕು. ಬೆಲೆ ಏರಿತೆಂದು ಎಲ್ಲರೂ ಒಟ್ಟಿಗೆ ನೆಟ್ಟರೆ ಎಲ್ಲರ ಹಣ್ಣೂ ಒಟ್ಟಿಗೇ ಬರುತ್ತದೆ. ಹೀಗಾಗಿ ಜಾಣ ಬೆಳೆಗಾರ ಇಡೀ ಜಮೀನನ್ನು ಒಂದೇ ಬೆಳೆಗೆ ಒಡ್ಡುವುದಿಲ್ಲ. ಸ್ವಲ್ಪ ರಾಗಿ, ಒಂದು ಹಸು, ಒಂದಿಷ್ಟು ತರಕಾರಿ ಇದ್ದರೆ ಒಂದು ಸೋತಾಗ ಇನ್ನೊಂದು ಮನೆಯನ್ನು ಹಿಡಿದು ನಿಲ್ಲಿಸುತ್ತದೆ.

ಆದರೆ ಒಬ್ಬ ರೈತ ಎಷ್ಟೇ ಲೆಕ್ಕ ಬಲ್ಲವನಾದರೂ ಮಾರುಕಟ್ಟೆಯ ಮುಂದೆ ಒಂಟಿಯೇ. ಕೂಡಿ ನಿಂತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. ಅಡಿಕೆಯ ಬೆಲೆ ನೆಲ ಕಚ್ಚಿದ ದಿನಗಳಲ್ಲಿ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೊ ಮಂಗಳೂರಿನಲ್ಲಿ ಹುಟ್ಟಿತು. ಮುಂದೆ ಅಡಿಕೆ ತೋಟದ ನಡುವೆ ಬೆಳೆದ ಕೋಕೋಗೆ ಕೊಳ್ಳುವವರಿಲ್ಲದಂತಾದಾಗ ಅದನ್ನೂ ಸಂಸ್ಥೆಯೇ ಕೊಂಡಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಒಂದೆರಡು ಎಕರೆ ತೋಟದವನು ಕಾರ್ಖಾನೆ ಕಟ್ಟಲಾರ. ಸಾವಿರಾರು ತೋಟದವರು ಸೇರಿದರೆ ಕಟ್ಟಬಲ್ಲರು. 2002ರಲ್ಲಿ ಕಂಪನಿ ಕಾಯಿದೆಗೆ ಆದ ತಿದ್ದುಪಡಿಯಿಂದ ಹತ್ತು ಮಂದಿ ಬೆಳೆಗಾರರು ಸೇರಿ ತಮ್ಮದೇ ಉತ್ಪಾದಕರ ಕಂಪನಿ ಸ್ಥಾಪಿಸಲೂ ಅವಕಾಶವಿದೆ.

ಒಂದು ಎಚ್ಚರಿಕೆಯ ಮಾತು. ಮಳೆ ಕೈಕೊಟ್ಟದ್ದಕ್ಕೆ, ಧಾರಣೆ ಬಿದ್ದದ್ದಕ್ಕೆ ‘ರೈತನಿಗೆ ಕೌಶಲವಿಲ್ಲ’ ಎನ್ನುವುದು ನ್ಯಾಯವಲ್ಲ. ನೀರು, ಸಕಾಲದ ಸಾಲ, ಬೆಳೆ ವಿಮೆ, ನೇರವಾದ ತೂಕ ಇವೆಲ್ಲ ಇದ್ದಾಗಲೇ ಕೌಶಲ ಫಲ ಕೊಡುತ್ತದೆ. ಯೋಗಕ್ಷೇಮವೆಂದರೆ ಬರಿಯ ವರಮಾನವೂ ಅಲ್ಲ. ಒಂದು ಬೆಳೆ ಹೋದರೂ ಮಕ್ಕಳ ಶಾಲೆ ತಪ್ಪದಿರುವುದು, ಬಡ್ಡಿಯ ಚಿಂತೆಯಿಲ್ಲದೆ ರಾತ್ರಿ ನಿದ್ದೆ ಬರುವುದು, ಅದೇ ಯೋಗಕ್ಷೇಮ.

ವಿದ್ಯಾರ್ಥಿಮಿತ್ರರೇ, ನಿಮ್ಮಲ್ಲಿ ಅನೇಕರು ರೈತರ ಮನೆಯಿಂದ ಬಂದವರು. ಈ ಸಲ ರಜೆಗೆ ಊರಿಗೆ ಹೋದಾಗ ನೂರು ಹಾಳೆಯ ನೋಟ್‌ಬುಕ್ ಒಂದನ್ನು ಕೊಂಡೊಯ್ಯಿರಿ. ಅಪ್ಪ ಅಮ್ಮನ ಪಕ್ಕ ಕುಳಿತು ಕಳೆದ ಬೆಳೆಯ ಖರ್ಚನ್ನು ಬರೆಯಿರಿ. ಅಮ್ಮ ಎಷ್ಟು ದಿನ ಹೊಲದಲ್ಲಿದ್ದರು ಎಂಬುದನ್ನು ಮೊದಲು ಕೇಳಿ ಬರೆದುಕೊಳ್ಳಿ.