ತಂಕಪದ್ಯದ ಮಾತ್ರಾಗಣನೆ

ಜಪಾನೀಯರ ತಂಕವೆಂಬ ಕಿರುಪದ್ಯವನ್ನನುಸರಿಸಿ (ಹ್ರಸ್ವಾಂತವೇ ಮೂಲದ ಉಚ್ಚಾರಣೆ) ಕನ್ನಡದಲ್ಲಿ ರಚನೆ ಮಾಡುವವರಲ್ಲಿ ಅನೇಕರು ಪಾದಗಳಿಗೆ ಕ್ರಮವಾಗಿ 5, 7, 5, 7, 7 ಅಕ್ಷರಗಳನ್ನೆಣಿಸಿ, ಒಟ್ಟು 31 ಅಕ್ಷರಗಳಲ್ಲಿ ಪದ್ಯವನ್ನು ಮುಗಿಸುತ್ತಾರೆ. ಈ ಗಣನೆಯು ಮೂಲಕ್ಕೆ ಸಮ್ಮತವಲ್ಲವೆಂಬುದೇ ಇಲ್ಲಿಯ ಪ್ರತಿಪಾದ್ಯ.

ಜಪಾನೀ ಛಂದಸ್ಸಿನಲ್ಲಿ ಎಣಿಕೆಗೆ ಬರುವುದು ನಾವು ಅಕ್ಷರವೆನ್ನುವುದಲ್ಲ, ಉಚ್ಚಾರಣೆಯ ಕಾಲ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಸ್ವರವಿಲ್ಲದೆ ನಿಲ್ಲುವ ಅನುನಾಸಿಕಕ್ಕೂ ದ್ವಿತ್ವದ ಮೊದಲ ವ್ಯಂಜನಕ್ಕೂ ಬೇರೆ ಬೇರೆಯಾಗಿ ಒಂದೊಂದು. ‘ನಿಪ್ಪೊನ್’ ಎಂಬ ದೇಶನಾಮವು ನಮಗೆ ಎರಡಕ್ಷರ. ಅವರಿಗೆ ನಿ-ಪ್-ಪೊ-ನ್ ಎಂದು ನಾಲ್ಕು. ‘ತೋಕ್ಯೋ’ ಎಂಬುದೂ ನಾಲ್ಕೇ. ವೃತ್ತರತ್ನಾಕರವನ್ನೋದಿದ ಬಾಲಕನು ಈ ಎರಡು ಪದಗಳಿಗೆ ಪ್ರಸ್ತಾರ ಹಾಕಿದರೂ ಎರಡೆರಡು ಗುರು, ಅಂದರೆ ನಾಲ್ಕು ನಾಲ್ಕು ಮಾತ್ರೆಗಳೇ ದೊರೆಯುವುವು. ಆದುದರಿಂದ ತಂಕವು 31 ಮಾತ್ರೆಗಳ ಪದ್ಯವೆಂದು ಹೇಳುವುದೇ ಯುಕ್ತ.

ಹಾಗೆ ಹೇಳಿದೊಡನೆ ಅದು ನಮಗೆ ನೆಂಟನಾಗುತ್ತದೆ. ಕಂದದ ಪೂರ್ವಾರ್ಧಕ್ಕೆ 12, 20ರಂತೆ 32 ಮಾತ್ರೆಗಳು. ಆರ್ಯೆಯ ಪೂರ್ವಾರ್ಧಕ್ಕೆ 30. ಇವೆರಡರ ನಡುವೆ ತಂಕವು ನಿಂತಿದೆ. ಐದು ಮಾತ್ರೆಗಳ ನಡೆ ವಾರ್ಧಕದಿಂದಲೂ, ಮೂರು ನಾಲ್ಕು ಕೂಡಿದ ಏಳರ ನಡೆ ಭಾಮಿನಿಯಿಂದಲೂ ಕನ್ನಡದ ಕಿವಿಗೆ ಪರಿಚಿತವೇ. ಗಣವಿಭಾಗದ ನಿರ್ಬಂಧವು ಮಾತ್ರ ತಂಕದಲ್ಲಿಲ್ಲ. ಇದಕ್ಕೆ ಪ್ರತಿಯಾಗಿ 31 ಅಕ್ಷರಗಳ ಪದ್ಯವು, ಗುರುಗಳು ಹೆಚ್ಚಿದಷ್ಟೂ ಬೆಳೆದು, 62 ಮಾತ್ರೆಗಳವರೆಗೆ ಹೋಗಬಲ್ಲದು. ಎಂದರೆ ಇಡಿಯ ಕಂದಕ್ಕೆ ಎರಡೇ ಮಾತ್ರೆ ಕಡಮೆ!

ಇದು ಬರಿಯ ಲೆಕ್ಕದ ತಕರಾರಲ್ಲ. ತಂಕವೆಂದರೆ ‘ಕಿರುಹಾಡು’ ಎಂದೇ ಅರ್ಥ. ಅದರ ಮೊದಲ ಮೂರು ಪಾದಗಳು ಮೇಲ್ಭಾಗ, ಕಡೆಯ ಎರಡು ಕೆಳಭಾಗ. ಬಹುಮಟ್ಟಿಗೆ ಮೇಲೆ ಪ್ರಕೃತಿಯ ಒಂದು ದೃಶ್ಯ, ಕೆಳಗೆ ಮನುಷ್ಯನ ಒಂದು ಭಾವ. ಎರಡನ್ನೂ ಬೆಸೆಯುವ ‘ಇವ’ಶಬ್ದಕ್ಕೆ ಅಲ್ಲಿ ಎಡೆ ದೊರೆಯುವುದೇ ದುರ್ಲಭ. ಎಡೆಯಿಲ್ಲದಿರುವುದರಿಂದಲೇ ಧ್ವನಿಗೆ ಅವಕಾಶ. ಅಕ್ಷರಗಣನೆಯಿಂದ ಲಭಿಸಿದ ಹೆಚ್ಚಿನ ಸ್ಥಳವನ್ನು ನಮ್ಮವರು ವಿಶೇಷಣಗಳಿಂದಲೂ ವ್ಯಾಖ್ಯಾನದಿಂದಲೂ ತುಂಬುವುದನ್ನು ಕಂಡಿದ್ದೇನೆ.

ಪ್ರಾಚೀನರೂ ಮಿತಸ್ಥಳವನ್ನು ಜಾಣ್ಮೆಯಿಂದಲೇ ಬಳಸಿದರು. ಸುಮಾರು 905ರಲ್ಲಿ ಸಂಕಲಿತವಾದ ‘ಕೊಕಿನ್‌ಶೂ’ವಿನ ಕವಿಗಳಿಗೆ ಶ್ಲೇಷವು ಬಹು ಪ್ರಿಯ; ‘ಮತ್ಸು’ ಎಂದರೆ ಪೈನ್ ಮರವೂ ಹೌದು, ಕಾಯುವುದೂ ಹೌದು. ಆದರೆ ಜಾಣ್ಮೆಯೇ ರೂಢಿಯಾಗಿ ಬಲಿಯಿತು. 1898ರಲ್ಲಿ ಮಸಾಓಕ ಶಿಕಿಯು ಪತ್ರಿಕೆಯೊಂದರಲ್ಲಿ ಲೇಖನಮಾಲೆಯನ್ನು ಬರೆದು, ಕೊಕಿನ್‌ಶೂವನ್ನೂ ಅದರ ಸಂಪಾದಕರಲ್ಲಿ ಮುಖ್ಯನಾದ ತ್ಸುರಯುಕಿಯನ್ನೂ ನಿಷ್ಠುರವಾಗಿ ಖಂಡಿಸಿದನು. ಕಂಡುದನ್ನು ಕಂಡಂತೆ ಚಿತ್ರಿಸಬೇಕೆಂಬುದು ಅವನ ಮತ. ಶ್ಲೇಷಾಭಿಮಾನಿಯಾದ ನನಗೆ ಆ ಖಂಡನೆಯು ಅತಿಯೆಂದೇ ತೋರುತ್ತದೆ. ಆದರೂ ಬೆನ್ನೆಲುಬಿನ ಕ್ಷಯದಿಂದ ಹಾಸಿಗೆ ಹಿಡಿದು, 1902ರಲ್ಲಿ ತೀರಿಕೊಳ್ಳುವ ಹಿಂದಿನ ವರ್ಷ, ಹೂದಾನಿಯಲ್ಲಿಟ್ಟ ಹೂಗೊಂಚಲನ್ನೇ ಮಲಗಿದಲ್ಲಿಂದ ನೋಡಿ ತಂಕಗಳನ್ನು ರಚಿಸಿದ ಕವಿಯೊಡನೆ ವಾದಕ್ಕೆ ನಿಲ್ಲಲು ಮನಸ್ಸು ಒಪ್ಪದು.

ಲಕ್ಷ್ಯವಿಲ್ಲದ ಲಕ್ಷಣವು ಪಾಠಶಾಲೆಯಲ್ಲಿಯೂ ನಿಲ್ಲದಾದುದರಿಂದ, ಗುಣಕ್ಕಾಗಿಯಲ್ಲದೆ ಎಣಿಕೆಗಾಗಿಯೇ ಒಂದನ್ನು ಕಟ್ಟಿದ್ದೇನೆ:

ಮಳೆ ನಿಂತು
ಸೂರಂಚಿನಲಿ
ಒಂದೆ ಹನಿ
ಅಂಚೆಗೆ ಕಾದು
ಹೊಸಿಲಲಿ ತಾಯಿ

ಅಕ್ಷರಗಳು 24, ಮಾತ್ರೆಗಳು 31. ಪಾದಾಂತ್ಯದ ಲಘುವನ್ನು ವಿಕಲ್ಪದಿಂದ ಗುರುವೆಂದೆಣಿಸಿಲ್ಲ. ಹನಿಗೂ ತಾಯಿಗೂ ಏನು ಸಂಬಂಧವೆಂದು ನನ್ನ ಶಿಷ್ಯನೊಬ್ಬನು ಕೇಳಿದನು. ‘ಹನಿಯಂತೆ’ ಎಂದು ಸೇರಿಸಿ ಓದೆಂದೆನು. ಓದಿ ಅವನೇ ಆ ಪದವನ್ನು ಹೊಡೆದುಹಾಕಿದನು. ಒಂದೆರಡು ಮಾತ್ರೆ ಮಿಗುವುದನ್ನು ‘ಜಿಅಮರಿ’ ಎಂದು ಕರೆದು ಜಪಾನೀಯರೇ ಸಹಿಸುವರಾದುದರಿಂದ, ಹನಿ ಬೀಳುವ ಮುನ್ನ ತಾಯಿಗೆ ಇನ್ನೊಂದು ಮಾತ್ರೆ ಬೇಕಾದರೆ ನನ್ನ ಆಕ್ಷೇಪಣೆಯಿಲ್ಲ.